ಎರಡು ಬೆರಳು ಹೆಚ್ಚಿಗೆ ಇದ್ದ ಬಂದೂಕು

ಸಣ್ಣಬೀರಪ್ಪ ಅನ್ನೋ ಹೆಸರು ಕೆಂಚವ್ವನ ಕಿವಿಗೆ ಮೊದಲ ಸಲ ಬಿದ್ದದ್ದು ಯುಗಾದಿಯ ಮರುದಿನ, ಕರಿಯ ದಿನ. ಲೋಕಿಕೆರೆಯ ಮನೆಯಲ್ಲಿ ಅವಳು ಒರಳ ಮುಂದೆ ಕೂತು ಮಸಾಲೆ ಅರೆಯುತ್ತಿದ್ದಳು. ಗಂಡ ಕರಿಬಸಪ್ಪ ಹಬ್ಬದ ದಿನವೇ ಕೊಕ್ಕನೂರಿಗೆ, ತಂಗಿ ಓಬವ್ವನ ಮನೆಗೆ ಹೋಗಿದ್ದ. ಕರಿ ದಿನ ಅಲ್ಲಿ ಗಂಡಸರೆಲ್ಲ ಸೇರಿ ಕಬ್ಬಿನ ಗದ್ದೆಯೊಳಗೆ ಅಡಗಿದ ಕಾಡುಹಂದಿ ಎಬ್ಬಿಸೋದು ಮೊದಲಿಂದ ನಡೆದು ಬಂದದ್ದು. ಮಧ್ಯಾಹ್ನದೊಳಗೆ ಪಾಲು ತರ್ತೀನಿ, ಮಸಾಲೆ ಅರೆದು ಇಟ್ಟಿರು ಅಂತ ಹೇಳಿ ಹೋದವನು. ಬಂದದ್ದು ಅವನಲ್ಲ, ಓಬವ್ವನ ಗಂಡ. ಬೈಕು ನಿಲ್ಲಿಸಿದವನು ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಹರಿಹರದ ಆಸ್ಪತ್ರೆ ಅಂದ, ಕಬ್ಬಿನ ಗದ್ದೆ ಅಂದ, ಒಂದಕ್ಕೊಂದು ಸೇರದ ಮಾತು ಏನೇನೋ ಅಂದ. ಕೊನೆಗೆ ನೆಲ ನೋಡಿಕೊಂಡು ಹೇಳಿದ.

"ಸಣ್ಣಬೀರಪ್ಪನ ಬಂದೂಕಿಂದು ತಗಲ್ತು ಅಕ್ಕಾ."

ಕೆಂಚವ್ವ ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡಳು. ಕಣ್ಣು ಉರಿದು ಧಾರೆ ಸುರಿಯಿತು. ನೆರೆಹೊರೆಯವರು ಅದನ್ನ ಅಳು ಅಂದುಕೊಂಡರು. ಅಳು ಅವಳಿಗೆ ಬಂದದ್ದು ಒಂಬತ್ತು ದಿನ ಬಿಟ್ಟು, ಗೂಟಕ್ಕೆ ನೇತುಹಾಕಿದ್ದ ಗಂಡನ ಅಂಗಿಯಲ್ಲಿ ಬೀಡಿ ಕಟ್ಟು ಸಿಕ್ಕಾಗ.

ಆವತ್ತು ಕೇಳಿದ ಹೆಸರು ತಪ್ಪು ಹೆಸರು ಅಂತ ಗೊತ್ತಾಗೋಕೆ ಅವಳಿಗೆ ಹನ್ನೊಂದು ವರ್ಷ ಹಿಡಿಯಿತು. ಬಂದೂಕಿನ ಕುದುರೆ ಎಳೆದ ಬೆರಳು ಸಣ್ಣಬೀರಪ್ಪನದಲ್ಲ, ಅವನ ಹನ್ನೆರಡು ವರ್ಷದ ಮಗ ಕಾಂತರಾಜನದು. ಮಗನನ್ನ ಉಳಿಸಿಕೊಳ್ಳೋಕೆ ಅಪ್ಪ ತನ್ನ ಹೆಸರು ಕೊಟ್ಟ. ಆ ಮಗ ಉಳಿದನೋ ಇಲ್ಲವೋ, ಅದನ್ನ ಹೇಳೋಕೇ ಇಷ್ಟೆಲ್ಲ.

ಹರಿಹರದ ಕೋರ್ಟಿಗೆ ಅವಳು ಪ್ರತಿ ತಾರೀಖಿಗೂ ಹೋದಳು. ಬಾ ಅಂತ ಯಾರೂ ಕರೆದಿರಲಿಲ್ಲ. ತಾಳಿ ಕಿತ್ತವನ ಮುಖ ನೋಡಬೇಕು ಅನ್ನೋದೊಂದೇ. ನೋಡಿದರೆ ಅವನು ಎತ್ತರದ, ಬಡಕಲು ಮೈಯ ಮನುಷ್ಯ; ಮೊರದಂಥ ಕಿವಿ, ಒಗೆದು ಒಗೆದು ತೆಳ್ಳಗಾದ ಪಂಚೆ. ಕೊಂದವನ ಮುಖ ಹಿಂಗಿರುತ್ತೆ ಅಂತ ಅವಳು ಒಂದು ಮುಖ ಮನಸ್ಸಲ್ಲಿ ಬರೆದುಕೊಂಡಿದ್ದಳು. ಇವನದು ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಡುವವನ ಮುಖ. ಅದಕ್ಕೇ ಅವಳಿಗೆ ಸಿಟ್ಟು ಇನ್ನೂ ಜಾಸ್ತಿಯಾಯಿತು. ವಕೀಲರು ಏನೇನೋ ಕೇಳಿದರು, ಅವನು ಎಲ್ಲದಕ್ಕೂ ಒಂದೇ ಮಾತು: "ನನ್ನ ಕೈಯೇ ಸ್ವಾಮಿ."

ಹೊರಗೆ ಹೊಂಗೆ ಮರದ ಕೆಳಗೆ ಅವನ ಹೆಂಡತಿ ಲಕ್ಷ್ಮೀದೇವಿ ಮಗನನ್ನ ಕೂಡಿಸಿಕೊಂಡಿರುತ್ತಿದ್ದಳು. ಹುಡುಗನ ಪ್ಯಾಂಟು ಕಾಲಲ್ಲಿ ಎರಡು ಸುತ್ತು ಮಡಚಿತ್ತು. ಚಪ್ಪಲಿ ಹಿಮ್ಮಡಿಯಿಂದ ಒಂದು ಹೆಬ್ಬೆರಳಷ್ಟು ಹಿಂದಕ್ಕೆ ಚಾಚಿತ್ತು. ಒಂದು ಸಲ ಕೆಂಚವ್ವ ಎದುರಿಗೇ ಬಂದಾಗ ಹುಡುಗ ಅವಳನ್ನ ನೋಡಿ ಎದ್ದು ಕಾಂಪೌಂಡಿನ ಮೂಲೆಗೆ ಓಡಿದ. ಗೋಡೆ ಹಿಡಿದು ವಾಂತಿ ಮಾಡಿದ. ಅಪ್ಪ ಮಾಡಿದ್ದಕ್ಕೆ ಈ ಕೂಸು ಹೆಂಗೆ ಬಾಡಿಹೋಗೈತಲ್ಲ ಅಂತ ಅವಳ ಕರುಳು ಚುರ್ ಅಂದಿತು. ಕೈಯಲ್ಲಿದ್ದ ಬಾಳೆಹಣ್ಣು ಚಾಚಿದಳು. ಹುಡುಗ ತಗೊಳ್ಳಲಿಲ್ಲ. ಹಣ್ಣನ್ನಲ್ಲ, ಅದನ್ನ ಹಿಡಿದ ಅವಳ ಕೈಯನ್ನೇ ನೋಡುತ್ತಾ ನಿಂತಿದ್ದ.

ತೀರ್ಪು ಬಂತು, ಸಣ್ಣಬೀರಪ್ಪ ಜೈಲಿಗೆ ಹೋದ. ಆ ಹೊತ್ತಿಗೆ ಕೆಂಚವ್ವ ಲೋಕಿಕೆರೆ ಬಿಟ್ಟಿದ್ದಳು. ಮಗಳು ಹಂಪವ್ವನನ್ನ ರಾಣೆಬೆನ್ನೂರಿಗೆ ಕೊಟ್ಟು, ತಾನು ದಾವಣಗೆರೆಯ ವಿದ್ಯಾನಗರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ರೊಟ್ಟಿ ಬಡಿಯೋಕೆ ಸೇರಿಕೊಂಡಿದ್ದಳು. ಹಾಸ್ಟೆಲು ಮರುಳಸಿದ್ದಮ್ಮನದು. ಮೂರು ಹೊತ್ತು ವಿಭೂತಿ, ಮೂವತ್ತು ಹೊತ್ತು ಬಾಯಿ. ಆದರೆ ಕೆಂಚವ್ವನ ಊಟ ಮುಗಿಯೋ ತನಕ ತಾನೂ ಅಡುಗೆಮನೆ ಬಿಟ್ಟು ಏಳುತ್ತಿರಲಿಲ್ಲ. ಬೆಳಗಾದರೆ ರೊಟ್ಟಿ, ಸಂಜೆಯಾದರೆ ರೊಟ್ಟಿ. ಹಿಟ್ಟು ತಟ್ಟುವಾಗಲೆಲ್ಲ ಕೆಂಚವ್ವ ಒಳಗೊಳಗೆ ಒಂದೇ ಹೆಸರಿಗೆ ಶಾಪ ಹಾಕುತ್ತಿದ್ದಳು. ನಿನ್ನ ಮನೆ ಬಾಗಿಲಿಗೆ ಮುಳ್ಳು ಬಡಿಯ, ನಿನ್ನ ಬಾಯಿಗೆ ನೀರು ಬಿಡೋರು ಇಲ್ಲದಂಗಾಗ. ಆ ತಾಳಕ್ಕೇ ರೊಟ್ಟಿ ದುಂಡಗೆ ಬರುತ್ತಿತ್ತು.

ಜೈಲಿಂದ ಬಿಟ್ಟ ಮೇಲೆ ಬಂದ ಮೊದಲ ಯುಗಾದಿ ಕರಿಯ ದಿನ ಅವನು ಹಾಸ್ಟೆಲಿನ ಹಿಂದಿನ ಗೇಟಿಗೆ ಬಂದ. ಹೆಗಲ ಮೇಲೆ ಅಕ್ಕಿಯ ಚೀಲ. ಕೆಂಚವ್ವ ಕಂಡವಳೇ ರೊಟ್ಟಿಗೆ ನೀರು ಸವರೋ ಬೋಗುಣಿ ಎತ್ತಿ ಅವನ ಮುಖಕ್ಕೆ ಎರಚಿದಳು. ಹಿಟ್ಟಿನ ನೀರು ಅವನ ಹುಬ್ಬಿಂದ ಇಳಿಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದಳು; ಮಹಡಿ ಮೇಲೆ ಓದುತ್ತಿದ್ದ ಹುಡುಗಿಯರೆಲ್ಲ ಬಂದು ಕಟಾಂಜನದ ಕಂಬಿ ಹಿಡಿದು ನಿಂತರು. ಅವನು ಪೂರಾ ಕೇಳಿದ. ಅವಳ ಉಸಿರು ಮುಗಿದ ಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ಚೀಲ ಗೇಟಿನ ಪಕ್ಕ ಇಳಿಸಿ ಹೋದ. ಅದನ್ನ ಬೀದಿಗೆ ಎಳೆದು ಹಾಕೋಕೆ ಹೊರಟವಳನ್ನ ಮರುಳಸಿದ್ದಮ್ಮ ತಡೆದಳು.

"ನಿನಗೆ ಬ್ಯಾಡಾಗಿದ್ರೆ ಬ್ಯಾಡ ಬಿಡು ಕೆಂಚವ್ವ. ಅಕ್ಕಿ ಯಾರನ್ನ ಕೊಂದೈತೆ?"

ಮರುವರ್ಷವೂ ಬಂದ. ಅದರ ಮರುವರ್ಷವೂ. ಅವಳು ನೀರು ಎರಚೋದು ಬಿಟ್ಟಳು, ಬೈಯೋದು ಬಿಟ್ಟಳು, ಆಮೇಲೆ ತಲೆ ಎತ್ತಿ ನೋಡೋದನ್ನೂ ಬಿಟ್ಟಳು. ಐದನೇ ವರ್ಷ ಅವನು ಕೆಮ್ಮುತ್ತಾ ಬಂದಾಗ ಒಂದು ಚೊಂಬು ನೀರು ಗೋಡೆಯ ಮೇಲೆ ಇಟ್ಟಳು. ಅವನನ್ನ ಏನಂತ ಕರೀಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ. ಅಣ್ಣ ಅನ್ನೋಕೆ ನಾಲಿಗೆ ಬರಲಿಲ್ಲ, ಹೆಸರು ಹಿಡಿದು ಕರೆಯೋಕೆ ವಯಸ್ಸು ಬಿಡಲಿಲ್ಲ. ಬರೀ "ಇಲ್ನೋಡ್ರಿ" ಅನ್ನುತ್ತಿದ್ದಳು. ಅವನು ಮಾತ್ರ ಮಾತಾಡಿದ ಮೊದಲ ದಿನದಿಂದ ತಂಗೀ ಅಂತಲೇ ಅಂದ.

ಆರನೇ ವರ್ಷ, ಅಂದರೆ ಕರೋನಾ ಬರೋದಕ್ಕೆ ಎರಡು ವರ್ಷ ಮುಂಚೆ, ಅವನು ನೀರು ಕುಡಿದು ಮೆಟ್ಟಿಲ ಮೇಲೆ ಕೂತ. ಸುಮ್ಮನೆ ಕೂತವನನ್ನ ಏನು ಮಾತಾಡಿಸೋದು ಅಂತ ಅವಳು, ನಿಮ್ಮ ಹುಡುಗ ಈಗ ಏನು ಮಾಡ್ತಾನೆ ಅಂತ ಕೇಳಿದಳು. ಆವತ್ತು ಬಾಳೆಹಣ್ಣು ತಗೊಳ್ಳದ ಹುಡುಗ ಅವಳ ಕಣ್ಣಲ್ಲಿ ಹಂಗೇ ನಿಂತಿದ್ದ. ಅಷ್ಟು ಕೇಳಿದ್ದೇ ಸಾಕಾಯಿತು. ಮೊರದಂಥ ಕಿವಿಯ ಆ ಮನುಷ್ಯ ಟವೆಲು ಬಾಯಿಗೆ ತುರುಕಿಕೊಂಡು, ಹೆಗಲು ಕುಣಿಸುತ್ತಾ ಅತ್ತ. ಆಮೇಲೆ ಹೇಳಿದ.

ಕೊಕ್ಕನೂರಲ್ಲಿ ಅವರದು ಬಂದೂಕಿನೋರ ಮನೆ ಅಂತಲೇ ಹೆಸರು. ಬೆಳೆ ಕಾಯೋಕೆ ಅಂತ ಅಜ್ಜನ ಕಾಲದಲ್ಲಿ ಕೊಟ್ಟ ಲೈಸೆನ್ಸು. ಗಂಡು ಕೂಸಿಗೆ ಹನ್ನೆರಡು ತುಂಬಿದ ವರ್ಷದ ಯುಗಾದಿಗೆ ಅಪ್ಪ ಅವನ ಕೈಗೆ ಬಂದೂಕು ಕೊಡಬೇಕು. ನೇಗಿಲ ಪಕ್ಕ ಅದನ್ನ ಒರಗಿಸಿ, ಬೇವಿನ ಸೊಪ್ಪು ಕಟ್ಟಿ, ಕುಂಕುಮ ಹಚ್ಚಬೇಕು. ಸಣ್ಣಬೀರಪ್ಪನಿಗೆ ಆ ವಯಸ್ಸಲ್ಲಿ ಸಿಕ್ಕಿದ್ದು ಅಜ್ಜನ ತುಕ್ಕು ತಿಂದ ನಳಿಗೆ, ತಂತಿ ಸುತ್ತಿದ ಹಿಡಿ. ಹಂದಿ ಎದುರಿಗೆ ನಿಂತಾಗ ಅದು ಬರೀ ಟಕ್ ಅಂದಿತ್ತು. ಇಡೀ ಊರು ಒಂದು ವರ್ಷ ಅವನನ್ನ ಟಕ್‌ಬೀರ ಅಂತ ಕರೆದಿತ್ತು. ನನ್ನ ಮಗನಿಗೆ ಹಂಗಾಗೋದು ಬ್ಯಾಡ, ಅವನಿಗೆ ಅವನದೇ ಒಂದು ಬಂದೂಕು ಬೇಕು, ಅವನನ್ನೇ ಕರಕೊಂಡು ಹೋಗಿ ಆರಿಸಬೇಕು ಅಂತ ಅವನು ಅವತ್ತಿನಿಂದ ಅಂದುಕೊಂಡೇ ಬಂದಿದ್ದ. ಮಗ ಹುಟ್ಟೋದಕ್ಕೆ ಎಷ್ಟೋ ಮುಂಚಿನಿಂದ.

ಹಳೇ ದಾವಣಗೆರೆಯ ಗಲ್ಲಿಯಲ್ಲಿ ಫಜಲುಲ್ಲಾನ ಅಂಗಡಿ. ಮುಂದೆ ಹೊಲಿಗೆ ಮಷೀನು ರಿಪೇರಿ, ಒಳಗಿನ ಕೋಣೆಯಲ್ಲಿ ಸರ್ಕಾರದ ಪರವಾನಗಿ ಗೋಡೆಗೆ ತೂಗುಹಾಕಿಕೊಂಡು ಬಂದೂಕು ರಿಪೇರಿ, ಹಳೇ ಬಂದೂಕು ಕೊಡೋದು ತಗೊಳ್ಳೋದು. ಅಪ್ಪ ಮಗ ಇಬ್ಬರೂ ಬೆಳಗ್ಗೆ ಹೋಗಿ ಕೂತರು. ಫಜಲುಲ್ಲಾ ಮೊದಲು ಬಂದೂಕು ತೋರಿಸಲಿಲ್ಲ. ಮಷೀನಿನ ರೀಲಿನಿಂದ ದಾರ ಎಳೆದು, ಕೈ ಮಡಚು ಬೇಟಾ ಅಂದ. ಹುಡುಗನ ಮೊಣಕೈ ಸಂದಿನಿಂದ ತೋರುಬೆರಳ ಮೊದಲ ಗೆಣ್ಣಿನ ತನಕ ಅಳೆದು ಕಡಿದ. ಬಂದೂಕಿನ ಹಿಂದಿನ ಮರ ಭುಜಕ್ಕೆ ತಾಗೋ ಜಾಗದಿಂದ ಕುದುರೆ ಇರೋ ಜಾಗಕ್ಕೆ ಇಷ್ಟೇ ಉದ್ದ ಇರಬೇಕು, ಹೆಚ್ಚೂ ಬ್ಯಾಡ ಕಡಿಮೆಯೂ ಬ್ಯಾಡ ಅಂದ.

ಗೋಡೆಯಲ್ಲಿ ಎರಡಿದ್ದವು. ಎರಡೂ ಬಾಯಿಂದ ಮದ್ದು ತುಂಬಿ ಸರಳಿನಿಂದ ಜಡಿಯೋ ಕೇಪಿನ ಬಂದೂಕು. ಒಂದು ಗಿಡ್ಡ, ಹಗುರ, ಹಿಡಿಯ ಮೇಲೆ ಯಾರೋ ಹಕ್ಕಿ ಕೆತ್ತಿದ್ದರು. ಕಾಂತರಾಜ ಅದನ್ನ ಎತ್ತಿದರೆ ಕೆನ್ನೆ ತಾನಾಗೇ ಮರಕ್ಕೆ ಒರಗಿತು. ದಾರಕ್ಕೂ ಅದಕ್ಕೂ ಸರಿಹೋಯಿತು. ಅಪ್ಪಾ, ಇದು ನನಗೆ ಕೂಡ್ತದೆ ಅಂದ ಹುಡುಗ. ಸಣ್ಣಬೀರಪ್ಪ ಅದನ್ನ ನೋಡಿದ್ದೂ ನೋಡದಂಗೆ, ಇನ್ನೊಂದನ್ನ ಇಳಿಸಿಕೊಂಡ. ಎತ್ತು ಆರಿಸುವವನ ಹಂಗೆ ಅದರ ಸುತ್ತ ಸುತ್ತಿದ. ನಳಿಗೆಯ ಬಾಯಿ ಮೂಸಿದ, ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿದ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ. ಕನ್ನಡಿಯಂಥ ನಳಿಗೆ, ತೇಗದ ಹಿಡಿ. ಮಗನ ಕೈಗೆ ಕೊಟ್ಟರೆ ಹುಡುಗನ ಬೆರಳು ಕುದುರೆಗೆ ಎಟುಕಲಿಲ್ಲ.

"ಬೀರಪ್ಪಣ್ಣ, ಎರಡು ಬೆರಳು ಮರ ಕುಯ್ದು ಕೊಡ್ತೀನಿ, ಸಂಜೆಗೆ ತಗೊಂಡು ಹೋಗು" ಅಂದ ಫಜಲುಲ್ಲಾ.

"ಕುಯ್ದ ಮರ ಮತ್ತೆ ಬೆಳೀತದೇನು ಸಾಬ್ರೆ? ಹುಡುಗ ಬೆಳೀತಾನೆ. ಇನ್ನೆರಡು ವರ್ಷಕ್ಕೆ ಕೈ ತಾನೇ ಬರ್ತದೆ."

"ಕೈ ಬೆಳೆಯೋ ತನಕ ಹಂದಿ ಕಾಯ್ತದೇನು?"

ಇಬ್ಬರೂ ನಕ್ಕರು. ಹುಡುಗನೂ ನಕ್ಕ. ಲೈಸೆನ್ಸಿನಲ್ಲಿ ಅದೇ ಬಂದೂಕನ್ನ ಅಪ್ಪನ ಹೆಸರಿಗೆ ಬರೆಸಿದರು.

ಇಷ್ಟು ಕೇಳುವಾಗ ಕೆಂಚವ್ವನಿಗೆ ಆ ಮಡಚಿದ ಪ್ಯಾಂಟು, ಹಿಂದಕ್ಕೆ ಚಾಚಿದ ಚಪ್ಪಲಿ ನೆನಪಾದವು. ಬೆಳೆಯೋ ಮಕ್ಕಳಿಗೆ ಒಂದು ಸೈಜು ದೊಡ್ಡದು ತಗೊಳ್ಳೋದು ಯಾರ ಮನೆಯಲ್ಲಿಲ್ಲ? ಅವಳೇ ಹಂಪವ್ವನಿಗೆ ಲಂಗದ ಅಂಚಲ್ಲಿ ನಾಲ್ಕು ಬೆರಳು ಮಡಚಿ ಹೊಲಿಸುತ್ತಿದ್ದಳು. ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದಳು. ಅದರಲ್ಲಿ ತಪ್ಪು ಕಾಣೋಕೆ ಅವಳಿಗೂ ಆಗಲಿಲ್ಲ.

ಕರಿ ದಿನ ಹುಡುಗ ಹೊಸ ಅಂಗಿ ತೊಟ್ಟು, ಹೊಸ ಬಂದೂಕು ಹಿಡಿದು ಗದ್ದೆಯ ಬದುವಿಗೆ ನಿಂತ. ಅಂಗಿಯೂ ಒಂದು ಸೈಜು ದೊಡ್ಡದೇ. ಬಂದೂಕು ಭುಜಕ್ಕೆ ಬರಲಿಲ್ಲ ಅಂತ ಹಿಂದಿನ ಮರವನ್ನ ಕಂಕುಳ ಸಂದಿಗೆ ಸಿಕ್ಕಿಸಿಕೊಂಡಿದ್ದ. ಗದ್ದೆಯೊಳಗೆ ಜನ ಡಬ್ಬ ಬಡಿಯುತ್ತಾ ಬರುತ್ತಿದ್ದರು. ಹಂದಿ ಬದು ಹಾರಿತು. ಹುಡುಗ ತಿರುಗಿದ. ಮರ ಅಂಗಿಯ ಜೋಲು ತೋಳಿಗೆ ಸಿಕ್ಕಿಕೊಂಡು ನಳಿಗೆ ಪಕ್ಕಕ್ಕೆ ಹೊರಳಿತು, ಬೆರಳು ಆಗಲೇ ಎಳೆದಿತ್ತು. ಹೊಗೆ ಹೋದ ಮೇಲೆ ಎಲ್ಲರಿಗೂ ಕೇಳಿಸಿದ್ದು ಒಂದೇ. ಅಷ್ಟೂ ಡಬ್ಬಗಳಲ್ಲಿ ಒಂದು ಡಬ್ಬದ ಸದ್ದು ನಿಂತಿತ್ತು.

ಅದು ಕರಿಬಸಪ್ಪನ ಕೈಯಲ್ಲಿದ್ದ ಎಣ್ಣೆ ಡಬ್ಬ.

ಸಣ್ಣಬೀರಪ್ಪ ಬಂದೂಕು ಕಸಿದುಕೊಂಡು ಮಗನ ಬೆನ್ನಿಗೆ ಕೈ ಹಾಕಿ ನೂಕಿದ್ದ. "ಮನೆಗೆ ಓಡು. ನೀನು ಇಲ್ಲಿಗೆ ಬಂದೇ ಇಲ್ಲ." ಬದುವಿನ ಮೇಲಿದ್ದ ಗಂಡಸರೆಲ್ಲ ಹೌದು ಅಂದರು. ಓಬವ್ವನ ಗಂಡನೂ ಹೌದು ಅಂದ. ಕೂಸು ಅಲ್ಲವೇ, ಬದುಕಿಕೊಳ್ಳಲಿ ಅಂತ. ಆ ಹುಡುಗ ಅವತ್ತಿನಿಂದ ತಾನು ಅಲ್ಲಿಗೆ ಬಂದೇ ಇರಲಿಲ್ಲ ಅನ್ನೋ ಹಂಗೆ ಬದುಕುತ್ತಾ ಬಂದ. ಏಳನೇ ಇಯತ್ತೆಗೇ ಸ್ಕೂಲು ಬಿಟ್ಟ. ಯಾರ ಜೊತೆಯೂ ಕೂತು ಉಣ್ಣಲಿಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಮುಟ್ಟಲಿಲ್ಲ. ಹೆಣ್ಣು ನೋಡೋಕೆ ಹೊರಡಿಸಿದರೆ ಹಾದಿಯಲ್ಲೇ ಬಸ್ಸಿಳಿದು ಹೋದ. ಈಗ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಒಲೆ ಮುಂದೆ ನಿಲ್ತಾನೆ ಅಂತ ಹೇಳಿ ಸಣ್ಣಬೀರಪ್ಪ ಮಾತು ಮುಗಿಸಿದ.

ಕೆಂಚವ್ವನಿಗೆ ಮೊದಲು ಬಂದದ್ದು ನಂಬಿಕೆ ಅಲ್ಲ, ಹೇಸಿಗೆ. "ಇಷ್ಟು ವರ್ಷ ಅಕ್ಕಿ ಹೊತ್ತಿದ್ದು ಇದಕ್ಕೇನು? ಕೂಸಿನ ತಲೆಗೆ ಕಟ್ಟೋಕಾ?" ಅಂದಳು. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ.

ಮುಂದಿನ ಭಾನುವಾರ ಅವಳೇ ಸಿಟಿ ಬಸ್ಸು ಹತ್ತಿ ಹಳೇ ದಾವಣಗೆರೆಗೆ ಹೋದಳು, ಕೇಳಿಕೊಂಡು ಕೇಳಿಕೊಂಡು ಫಜಲುಲ್ಲಾನ ಅಂಗಡಿ ಮುಟ್ಟಿದಳು. ಮುಂದೆ ಅವನ ಮಗಳು ಅಂಜುಮ್ ಮಷೀನು ತುಳಿಯುತ್ತಿದ್ದಳು. ಫಜಲುಲ್ಲಾ ಹಣ್ಣಾಗಿದ್ದ. ಕೆಂಚವ್ವ ಯಾರ ಹೆಂಡತಿ ಅಂತ ತಿಳಿದ ಮೇಲೆ ಸುಮಾರು ಹೊತ್ತು ಕನ್ನಡಕ ಒರೆಸಿದ. ಆಮೇಲೆ ಎದ್ದು, ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದ್ದ ದಾರಗಳ ಕಂತೆಯಿಂದ ಒಂದನ್ನ ಬಿಡಿಸಿದ. ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು.

"ಪೊಲೀಸ್ನೋರು ಬಂದು ಬಂದೂಕು ಯಾರಿಗೆ ಕೊಟ್ಟೆ ಅಂದ್ರು. ಬೀರಪ್ಪನಿಗೆ ಅಂದೆ. ಕಾಗದದಲ್ಲಿ ಹಂಗೇ ಐತೆ, ಸುಳ್ಳಲ್ಲ" ಅಂದ. "ಅವನು ಬ್ಯಾಡ ಅಂದ್ರೂ ಕುಯ್ದೇ ಕೊಡಬೇಕಿತ್ತವ್ವ. ನನ್ನ ಕಸಬು ಅದು. ಗಿರಾಕಿ ಮಾತು ಕೇಳಿದೆ."

ಹುಡುಗನ ಕೈ ಅಳೆದಿದ್ದ ಆ ದಾರ ಅವಳ ಕೈಗೆ ಕೊಟ್ಟ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ತಿರುಗಿ, ಸೆರಗಿನ ಮರೆಯಲ್ಲಿ ಮೊಣಕೈ ಮಡಚಿ ಅದನ್ನ ಇಟ್ಟುಕೊಂಡಳು. ಅವಳದೂ ಸಣ್ಣ ಕೈಯೇ, ಗಾಜಿನ ಬಳೆಯ ಕಾಲದಲ್ಲಿ ಬಳೆಗಾರ ತಮಾಷೆ ಮಾಡುತ್ತಿದ್ದ ಕೈ. ದಾರ ಅದಕ್ಕೂ ಸಾಲಲಿಲ್ಲ. ಬೆರಳ ಬುಡಕ್ಕೇ ಮುಗಿದುಹೋಯಿತು. ಹನ್ನೊಂದು ವರ್ಷ ಹಾಕಿದ ಶಾಪವೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು. ಸರಿಯಾದ ವಿಳಾಸ ಇಷ್ಟು ಗಿಡ್ಡ ಇತ್ತು. ಅವಳು ದಾರವನ್ನ ಸೆರಗಿನ ತುದಿಗೆ, ಟ್ರಂಕಿನ ಬೀಗದ ಕೈ ಜೊತೆ ಗಂಟು ಹಾಕಿಕೊಂಡಳು. ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಆದರೆ ಸಿಟ್ಟು ಅನ್ನೋದು ಹಾಳಾದ್ದು, ಇದ್ದ ಜಾಗ ಖಾಲಿ ಬಿಡೋದಿಲ್ಲ. ಕರೋನಾದಲ್ಲಿ ಹಾಸ್ಟೆಲು ಮುಚ್ಚಿ, ಅವಳು ರಾಣೆಬೆನ್ನೂರಲ್ಲಿ ಮಗಳ ಮನೆಯ ಮೂಲೆಯಲ್ಲಿ ಕೂತಾಗ ಅದು ನಿಧಾನಕ್ಕೆ ಹೊಸ ಹೆಸರಿಗೆ ಒಗ್ಗಿಕೊಂಡಿತು. ಕೂಸು ಕೂಸು ಅಂತ ಎಲ್ಲರೂ ಅವನನ್ನ ಬಚ್ಚಿಟ್ಟರಲ್ಲ. ಆ ಕೂಸು ಈಗ ಮೀಸೆ ಬಂದ ಗಂಡಸು. ಒಂದು ಸಲವಾದರೂ ನನ್ನ ಹೊಸ್ತಿಲಿಗೆ ಬಂದು, ನಾನೇ ಅವ್ವಾ ಅಂದನೇ? ಹಾಸ್ಟೆಲು ಮತ್ತೆ ತೆರೆದ ಮೇಲೆ ಒಂದು ದಿನ ಮರುಳಸಿದ್ದಮ್ಮನಿಗೆ ಹಲ್ಲು ನೋವು ಅಂತ ಹೇಳಿ ಅವಳು ಭಟ್ಟಿಗೆ ಹೋದಳು. ಹಾದಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಳು. ಮೊದಲು ಯಾವುದು, ಆಮೇಲೆ ಯಾವುದು, ಎಲ್ಲಿ ಎದೆ ಬಡಿದುಕೊಳ್ಳೋದು, ಎಲ್ಲಿ ಗಂಡನ ಹೆಸರೆತ್ತೋದು, ಎಲ್ಲಾ.

ಭಟ್ಟಿಯ ಸಾಲಿನಲ್ಲಿ ಹೊಗೆಗೆ ಕಣ್ಣು ಬಿಡೋ ಹಂಗಿರಲಿಲ್ಲ. ಕಾದ ಮರಳಲ್ಲಿ ಅಕ್ಕಿ ಚಟಪಟ ಸಿಡಿದು ಬೆಳ್ಳಗೆ ಅರಳುತ್ತಿತ್ತು. ಮಸಿ ಹಿಡಿದ ಮಾಡಿನ ಕೆಳಗೆ ಅವನು ನಿಂತಿದ್ದ. ಅಪ್ಪನ ಕಿವಿ. ಮೈಗೆ ಬಿಗಿದ, ಒಂದು ಸೈಜು ಚಿಕ್ಕದೇ ಅನ್ನಿಸೋ ಬನಿಯನ್ನು. ತಲೆಯೆತ್ತಿದವನು ಅವಳನ್ನ ಕಂಡ, ಮತ್ತೆ ಕಣ್ಣು ತೆಗೆಯಲಿಲ್ಲ. ಅಕ್ಕಿ ಮಗುಚೋ ಜಾರೆ ಕೆಳಗಿಟ್ಟ. ತಲೆಗೆ ಸುತ್ತಿದ್ದ ಟವೆಲು ಬಿಚ್ಚಿದ. ಬಂದು ಅವಳ ಎದುರು, ಒಂದು ಮಾರು ದೂರದಲ್ಲಿ, ಎರಡೂ ಕೈ ಇಳಿಬಿಟ್ಟು ನಿಂತ. ಕೈ ಮುಗಿಯಲಿಲ್ಲ, ಕಾಲಿಗೆ ಬೀಳಲಿಲ್ಲ. ಮೇಷ್ಟ್ರ ಮುಂದೆ ಏಟಿಗೆ ನಿಂತ ಹುಡುಗನ ಹಂಗೆ ನಿಂತ.

ಕೆಂಚವ್ವ ಬಾಯಿ ತೆರೆದಳು. ಜೋಡಿಸಿಕೊಂಡು ಬಂದಿದ್ದರಲ್ಲಿ ಒಂದೂ ಬರಲಿಲ್ಲ. ಕಣ್ಣಿಗೆ ಬಿದ್ದದ್ದು ಅವನ ಬಲಗೈ. ಮುಂಗೈ ತುಂಬ ಸುಟ್ಟ ಬೊಕ್ಕೆಯ ಕಲೆ, ಹಳೇದರ ಮೇಲೆ ಹೊಸದು.

ಏನು ಬೇಕಮ್ಮಾ ಅಂತ ಒಳಗಿಂದ ಯಜಮಾನ ಕೂಗಿದ. ಅವಳು ಮಂಡಕ್ಕಿ ಅಂದಳು. ಕಾಂತರಾಜ ಸೇರು ತುಂಬಿ, ಮೇಲೆ ಎರಡು ಬೊಗಸೆ ಸುರಿದು, ಚೀಲದ ಬಾಯಿ ಕಟ್ಟಿ ಕೊಟ್ಟ. ಕೊಟ್ಟ ಮೇಲೂ ಅವಳ ಮುಂದಿಂದ ಸರಿಯಲಿಲ್ಲ. ಅವಳೇ ತಿರುಗಿ ನಡೆದಳು. ಏನೂ ಅನ್ನಲಿಲ್ಲವಲ್ಲ, ಬಿಟ್ಟುಬಿಟ್ಟೆನಲ್ಲ ಅಂತ ಅವಳಿಗೆ ಮನಸ್ಸು ಹಗುರಾಯಿತು. ಮಂಡಕ್ಕಿಗೆ ಈರುಳ್ಳಿ, ಖಾರ ಕಲಸಿ ಹುಡುಗಿಯರಿಗೆಲ್ಲ ಹಂಚಿದಳು. ಹಲ್ಲು ನೋವು ಹೋಯಿತೇನೇ ಅಂತ ಮರುಳಸಿದ್ದಮ್ಮ ಕೆಣಕಿದಳು. ಬಹಳ ವರ್ಷದ ಮೇಲೆ ಆವತ್ತು ಕೆಂಚವ್ವ ಹೊಟ್ಟೆ ತುಂಬ ಉಂಡಳು.

ಈ ವರ್ಷ ಕರಿ ದಿನ ಅಕ್ಕಿ ಬರಲಿಲ್ಲ. ಮೂರು ವಾರದ ಮೇಲೆ ಒಂದು ಬೆಳಗ್ಗೆ ಬಂದವಳು ಲಕ್ಷ್ಮೀದೇವಿ. ಗೇಟು ಹಿಡಿದು ನಿಂತು, ಅವರು ಆಸ್ಪತ್ರೆ ಸೇರಿದಾರೆ, ನಿಮ್ಮನ್ನ ನೋಡಬೇಕಂತಾರೆ ಅಂದಳು. ಹಿಟ್ಟಿನ ಕೈ ತೊಳೆದುಕೊಂಡು ಕೆಂಚವ್ವ ಹೊರಟಳು. ಆಸ್ಪತ್ರೆಯ ಗೇಟಿನ ಎದುರು ಎಳನೀರು ಗಾಡಿಯ ಪಕ್ಕ ಕಾಂತರಾಜ ನಿಂತಿದ್ದ. ಮೂರು ದಿನದಿಂದ ಅಲ್ಲೇ ನಿಂತಿದ್ದಾನೆ, ಔಷಧಿ ತಂದುಕೊಡ್ತಾನೆ, ಒ‌ಳಗೆ ಮಾತ್ರ ಬರೋಲ್ಲ ಅಂದಳು ಲಕ್ಷ್ಮೀದೇವಿ. ಕೆಂಚವ್ವ ಹಾದುಹೋಗುವಾಗ ಅವನು ನೆಟ್ಟಗಾದ. ಕೈ ಇಳಿಬಿಟ್ಟ. ಅವಳು ತಲೆಯಾಡಿಸಿ ಮೆಟ್ಟಿಲು ಹತ್ತಿದಳು.

ಸಣ್ಣಬೀರಪ್ಪನ ಮೈಯಲ್ಲಿ ಉಳಿದದ್ದು ಕಿವಿ ಮಾತ್ರ. ಮೂಗಿಗೆ ನಳಿಕೆ ಸಿಕ್ಕಿಸಿದ್ದರು. ಎರಡು ಮಾತಿಗೊಂದು ಸಲ ಉಸಿರು ಎಳೆದುಕೊಳ್ಳಬೇಕಿತ್ತು. ಕೆಂಚವ್ವ ಸ್ಟೂಲಿನ ಮೇಲೆ ಕೂತಳು. ಏನಾದರೂ ಹೇಳಬೇಕಲ್ಲ ಅಂತ, ನನಗೆ ನಿಮ್ಮ ಮೇಲೆ ಏನೂ ಇಲ್ಲ, ನಿಮ್ಮ ಮಗನ ಮೇಲೂ ಏನೂ ಇಲ್ಲ, ನಾನು ಭಟ್ಟಿಗೇ ಹೋಗಿ ನೋಡಿಕೊಂಡು ಬಂದೆ, ಒಂದು ಮಾತು ಅನ್ನಲಿಲ್ಲ ಅಂದಳು. ಕೇಳಿ ಸಮಾಧಾನ ಆಗುತ್ತೆ ಅಂದುಕೊಂಡಿದ್ದಳು. ಅವನು ಕಣ್ಣು ಮುಚ್ಚಿಕೊಂಡ.

"ಗೊತ್ತು" ಅಂದ. "ಅವತ್ತು ಅವರವ್ವಗೆ ಫೋನ್ ಮಾಡಿದ್ದ. ಕೆಂಚವ್ವ ಬಂದಿದ್ಲು, ಎದುರಿಗೇ ನಿಂತಿದ್ಲು, ಮಂಡಕ್ಕಿ ತಗೊಂಡು ಹೋದ್ಲು ಅಂದ. ಅಷ್ಟೇ ಅಂದದ್ದು. ಆಮೇಲೆ ಕುದುರೆ ಎಳೆದ ಆ ಕೈನ ಕಾದ ಮರಳಿಗೆ ಇಟ್ಟುಕೊಂಡಿದ್ದ."

ಲಕ್ಷ್ಮೀದೇವಿ ಗೋಡೆ ಕಡೆ ತಿರುಗಿದಳು. ಕೆಂಚವ್ವನ ಬೆರಳು ಸೆರಗಿನ ತುದಿಯ ಗಂಟನ್ನ ಹುಡುಕಿ ಹಿಡಿದುಕೊಂಡಿತು.

"ನಾನು ಅವನಿಗೆ ಒಂದು ಏಟು ಹಾಕ್ಲಿಲ್ಲ ತಂಗೀ. ಅವರವ್ವ ಬೈಲಿಲ್ಲ. ಊರು ಬೈಲಿಲ್ಲ. ಜಡ್ಜು ಅವನ ಮುಖ ನೋಡ್ಲಿಲ್ಲ. ಎಲ್ಲಾ ನಾನೇ ತಿಂದೆ, ಅವನ ಪಾಲಿಗೆ ಒಂದು ಚೂರು ಬಿಡ್ಲಿಲ್ಲ." ಉಸಿರು ಎಳೆದುಕೊಂಡ. "ನಾನು ಹೋದ ಮೇಲೆ ಅವನು ಒಲೆ ಮುಂದೆ ನಿಲ್ಲಲ್ಲ, ಒಲೆಯೊಳಗೆ ಹೋಗ್ತಾನೆ."

ಏನು ಮಾಡಬೇಕು ಹೇಳ್ರಿ ಅಂತ ಅವಳು ಕೇಳಿದಳು. ಅವನು ಕೈ ಚಾಚಿದ. ಇಷ್ಟು ವರ್ಷದಲ್ಲಿ ಅವಳನ್ನ ಮುಟ್ಟದ ಕೈ, ಅವಳ ಮಣಿಕಟ್ಟು ಹಿಡಿಯಿತು.

"ಕೆಳಗೆ ನಿಂತಾನೆ. ಹೋಗಿ ಅವನನ್ನ ಬೈಯ್ರಿ. ಮೊದಲನೇ ವರ್ಷ ನನಗೆ ಬೈದ್ರಲ್ಲ, ನೀರು ಎರಚಿ, ಹಂಗೆ. ಜನ ಇದ್ರೆ ಇರ್ಲಿ. ನನ್ನ ಹೆಸರು ತಗೋಬ್ಯಾಡ್ರಿ. ಕಾಂತರಾಜ ಅಂತ ಕರೀರಿ, ನನ್ನ ಗಂಡನ್ನ ಕೊಂದೋನು ನೀನು ಅನ್ರಿ. ಇದೊಂದು ಮಾಡ್ರಿ ತಂಗೀ, ನಾನು ಇಲ್ಲಿಂದ ಕೇಳ್ತಾ ಇರ್ತೀನಿ."